ಮಹಾತಾರೆಗಳ ಬಾಲ್ಯ: ಉಂಡು, ಉಗುಳಿ, ಬೆಳೆಯುವ ಬಗೆ

ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿ ಹೋಟೆಲಿನ ಬಾಗಿಲು ಹಾಕಿ ಹೊರಬರುವವರೂ ಕಚೇರಿಯ ಕೆಲಸ ಮುಗಿಸಿ ತಡವಾಗಿ ರೈಲಿನಿಂದಿಳಿಯುವವರೂ ಒಂದು ಕ್ಷಣ ತಲೆಯೆತ್ತಿ ನೋಡಿದರೆ, ನಗರದ ದೀಪಗಳ ಮಬ್ಬಿನಲ್ಲಿಯೂ ಅಳಿಸಿಹೋಗದ ಒಂದು ನಕ್ಷತ್ರಪುಂಜ ಕಣ್ಣಿಗೆ ಬೀಳುತ್ತದೆ. ಒಂದೇ ಸಾಲಿನಲ್ಲಿ, ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಪೋಣಿಸಿದಂತಿರುವ ಮೂರು ತಾರೆಗಳೇ ಅದರ ಗುರುತು. ಪಾಶ್ಚಾತ್ಯರು ಇದನ್ನು ಓರಿಯನ್ ಎನ್ನುತ್ತಾರೆ. ಕನ್ನಡದಲ್ಲಿ ಇದು ಮಹಾವ್ಯಾಧ, ಎಂದರೆ ದೊಡ್ಡ ಬೇಟೆಗಾರ. ಆ ಮೂರು ತಾರೆಗಳ ಒಂದು ಪಕ್ಕದಲ್ಲಿ ಕೆಂಪಾಗಿ ಹೊಳೆಯುವುದೇ ಊರಿನ ರೈತರು ‘ಆರಿದ್ರ ಮಳೆ’ ಎಂದು ಮಳೆಗೆ ಹೆಸರಿಟ್ಟುಕೊಂಡಿರುವ ಆರ್ದ್ರಾ ನಕ್ಷತ್ರ. ಇನ್ನೊಂದು ಪಕ್ಕದಲ್ಲಿ, ಬೇಟೆಗಾರನ ನಡುಪಟ್ಟಿಯಿಂದ ಇಳಿಬಿದ್ದ ಕತ್ತಿಯಂತೆ, ಮಸುಕಾದ ಮೂರು ಚುಕ್ಕೆಗಳ ಸಣ್ಣ ಸಾಲೊಂದುಂಟು. ಅದರ ನಡುವಣ ಚುಕ್ಕೆಯೇ ಓರಿಯನ್ ನೀಹಾರಿಕೆ. ಅನಿಲ ಮತ್ತು ಧೂಳಿನ ಒಂದು ಅಪಾರ ಮೇಘ.

ಅದು ನಮ್ಮಿಂದ ಸುಮಾರು ೧,೩೫೦ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಂದು ರಾತ್ರಿ ನಮ್ಮ ಕಣ್ಣನ್ನು ಸೇರುವ ಅದರ ಬೆಳಕು ಅಲ್ಲಿಂದ ಹೊರಟಾಗ ಕನ್ನಡ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ಆ ಮೇಘಸಮೂಹದ ಒಡಲಿನಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಅವುಗಳಲ್ಲಿ ಕೆಲವು ನಮ್ಮ ಸೂರ್ಯನ ಹತ್ತು, ಇಪ್ಪತ್ತು, ಮೂವತ್ತು ಪಟ್ಟು ದ್ರವ್ಯವುಳ್ಳವು. ಇಂಥ ಮಹಾತಾರೆಗಳು ಹುಟ್ಟಿ ಬೆಳೆಯುವುದು ಹೇಗೆ ಎಂಬ ಪ್ರಶ್ನೆ ಖಗೋಳವಿಜ್ಞಾನಿಗಳನ್ನು ಅರ್ಧ ಶತಮಾನ ಕಾಡಿತು. ಏಕೆಂದರೆ ಲೆಕ್ಕ ಹಾಕಿ ನೋಡಿದಾಗ, ಅವು ಹುಟ್ಟಲೇಬಾರದೆಂದು ಉತ್ತರ ಬರುತ್ತಿತ್ತು!

ಅಲ್ಪಾಯುಷಿಗಳಾದ ದಾನಿಗಳು

ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ದ್ರವ್ಯವುಳ್ಳ ತಾರೆಗಳು ಬಹು ವಿರಳ; ನೂರು ನಕ್ಷತ್ರಗಳು ಹುಟ್ಟಿದರೆ ಅವುಗಳಲ್ಲಿ ಇಂಥದು ಒಂದೂ ಇರುವುದು ಅನುಮಾನ. ಆದರೂ ವಿಶ್ವದ ಸಂಸಾರದಲ್ಲಿ ಇವುಗಳ ಪಾತ್ರ ಹಿರಿದು. ಓರಿಯನ್ ನೀಹಾರಿಕೆಯ ನಡುವೆ ನಾಲ್ಕು ತಾರೆಗಳ ಗುಂಪೊಂದಿದ್ದು, ಅವುಗಳಲ್ಲಿ ಹಿರಿಯದೊಂದೇ ಬಹುಮಟ್ಟಿಗೆ ಇಡೀ ನೀಹಾರಿಕೆಯನ್ನು ಬೆಳಗುತ್ತಿದೆ. ಅದರ ಪ್ರಕಾಶ ಸೂರ್ಯನ ಸುಮಾರು ಎರಡು ಲಕ್ಷ ಪಟ್ಟು. ಮೇಲ್ಮೈಯ ಉಷ್ಣತೆ ನಲವತ್ತು ಸಾವಿರ ಡಿಗ್ರಿಗಳ ಸಮೀಪ.

ಇಷ್ಟು ಧಾರಾಳವಾಗಿ ಖರ್ಚು ಮಾಡುವವನ ಗಂಟು ಬೇಗ ಕರಗುವುದು ಸಹಜ. ಸೂರ್ಯನ ಒಟ್ಟು ಆಯುಷ್ಯ ಸುಮಾರು ಸಾವಿರ ಕೋಟಿ ವರ್ಷಗಳಾದರೆ, ಅದರ ಇಪ್ಪತ್ತು ಪಟ್ಟು ದ್ರವ್ಯವುಳ್ಳ ತಾರೆ ಒಂದು ಕೋಟಿ ವರ್ಷದೊಳಗೇ ಉರಿದು ಮುಗಿಯುತ್ತದೆ. ಮುಗಿಯುವಾಗ ಅದು ಸಾಮಾನ್ಯವಾಗಿ ಮಹಾಸ್ಫೋಟಗೊಂಡು, ತನ್ನೊಳಗೆ ಬೆಂದು ಸಿದ್ಧವಾದ ಮೂಲವಸ್ತುಗಳನ್ನು ಆಕಾಶಕ್ಕೆ ಚೆಲ್ಲುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ, ಕುಡಿಯುವ ನೀರಿನಲ್ಲಿ ಇರುವ ಆಮ್ಲಜನಕದ ಬಹುಭಾಗ ಹೀಗೆ ಹಿಂದೆಂದೋ ಆಗಿಹೋದ ಮಹಾತಾರೆಗಳ ದಾನ. ಆದುದರಿಂದ ಇವು ಹುಟ್ಟುವ ಬಗೆಯನ್ನು ವಿಚಾರಿಸುವುದು ನಮ್ಮ ದೇಹ ಯಾವುದರಿಂದ ಆಯಿತೆಂದು ವಿಚಾರಿಸಿದಂತೆಯೇ ಸರಿ.

ಮೇಘವು ಕುಸಿದು ತಾರೆಯಾಗುವುದು

ಎಲ್ಲ ತಾರೆಗಳ ತವರೂ ತಂಪಾದ ಮೇಘವೇ. ಜಲಜನಕ ಅನಿಲವೇ ಪ್ರಧಾನವಾಗಿರುವ, ನೂರರಲ್ಲಿ ಒಂದು ಪಾಲು ಧೂಳು ಬೆರೆತ ಈ ಮೇಘಗಳ ಒಳಭಾಗದ ಉಷ್ಣತೆ ಸೊನ್ನೆಗಿಂತ ೨೬೦ ಡಿಗ್ರಿಗಳಷ್ಟು ಕೆಳಗಿರುತ್ತದೆ. ಅಲ್ಲಲ್ಲಿ ಅನಿಲವು ಸ್ವಲ್ಪ ದಟ್ಟವಾದಾಗ ಅದರ ಸ್ವಂತ ಗುರುತ್ವಾಕರ್ಷಣೆಯೇ ಅದನ್ನು ಒಳಕ್ಕೆ ಎಳೆಯತೊಡಗುತ್ತದೆ. ಎಳೆದಷ್ಟೂ ದಟ್ಟ, ದಟ್ಟವಾದಷ್ಟೂ ಇನ್ನಷ್ಟು ಸೆಳೆತ. ಹೀಗೆ ಕುಸಿದ ಅನಿಲದ ನಡುವೆ ಎಳೆಯ ತಾರೆಯೊಂದು ರೂಪುಗೊಂಡು, ಅದರ ಗರ್ಭದ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿಗೆ ಏರಿದಾಗ ಜಲಜನಕವು ಹೀಲಿಯಂ ಆಗಿ ಮಾರ್ಪಡಲು ಪ್ರಾರಂಭವಾಗುತ್ತದೆ. ಅಲ್ಲಿಂದ ಮುಂದೆ ಅದು ಪೂರ್ಣ ನಕ್ಷತ್ರ.

ಸೂರ್ಯನಂಥ ತಾರೆಯಲ್ಲಿ ಈ ಕೆಲಸಗಳು ಒಂದಾದ ಮೇಲೊಂದು ನಡೆಯುತ್ತವೆ. ಮೊದಲು ದ್ರವ್ಯಸಂಗ್ರಹ ಮುಗಿಯುತ್ತದೆ. ಆಮೇಲೆ ಕೋಟ್ಯಂತರ ವರ್ಷ ಮೆಲ್ಲನೆ ಕುಗ್ಗಿ, ಕಾದು, ಕೊನೆಗೆ ಒಲೆ ಹೊತ್ತಿಕೊಳ್ಳುತ್ತದೆ. ಮಹಾತಾರೆಗೆ ಇಷ್ಟು ವ್ಯವಧಾನವಿಲ್ಲ. ಸುಮಾರು ಒಂದು ಲಕ್ಷ ವರ್ಷಗಳಲ್ಲಿ ಅದು ತನ್ನ ದ್ರವ್ಯವನ್ನೆಲ್ಲ ಕೂಡಿಹಾಕಬೇಕು. ಅದಕ್ಕಾಗಿ ಅದು ವರ್ಷವೊಂದಕ್ಕೆ ಮೂವತ್ತರಿಂದ ಮುನ್ನೂರು ಭೂಮಿಗಳ ತೂಕದಷ್ಟು ಅನಿಲವನ್ನು ನುಂಗುತ್ತದೆ. ಊಟ ಇನ್ನೂ ನಡೆಯುತ್ತಿರುವಾಗಲೇ ಅದರ ಗರ್ಭದಲ್ಲಿ ಒಲೆ ಹೊತ್ತಿಕೊಂಡಿರುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ತನ್ನ ಬೆಳಕೇ ತನಗೆ ಅಡ್ಡಿ

ಬೆಳಕಿಗೆ ತೂಕವಿಲ್ಲದಿದ್ದರೂ ನೂಕುವ ಶಕ್ತಿಯುಂಟು. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುವುದನ್ನು ಕಂಡು, ಸೂರ್ಯಕಿರಣಗಳು ಅದನ್ನು ನೂಕುತ್ತಿರಬೇಕೆಂದು ಹದಿನೇಳನೆಯ ಶತಮಾನದಲ್ಲಿಯೇ ಕೆಪ್ಲರ್ ಊಹಿಸಿದ್ದನು. ರಷ್ಯದ ಲೆಬೆಡೆವ್ ೧೯೦೧ರ ಸುಮಾರಿಗೆ ಬೆಳಕಿನ ಒತ್ತಡವನ್ನು ಪ್ರಯೋಗದಿಂದ ಅಳೆದು ತೋರಿಸಿದನು. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಾಗ ಈ ಒತ್ತಡ ನಮ್ಮ ಅನುಭವಕ್ಕೆ ಬರುವುದಿಲ್ಲ. ಆದರೆ ಸೂರ್ಯನ ಇಪ್ಪತ್ತು ಪಟ್ಟು ದ್ರವ್ಯವುಳ್ಳ ತಾರೆಯ ಪ್ರಕಾಶ ಸೂರ್ಯನ ಹತ್ತಾರು ಸಾವಿರ ಪಟ್ಟು. ಅದರ ಸುತ್ತಲಿನ ಧೂಳಿನ ಕಣಗಳು ಆ ಬೆಳಕನ್ನು ಹೀರಿ ಹೊರಕ್ಕೆ ನೂಕಲ್ಪಡುತ್ತವೆ. ಹೋಗುವಾಗ ಸುತ್ತಲ ಅನಿಲವನ್ನೂ ಜೊತೆಗೆ ಒಯ್ಯುತ್ತವೆ.

ಎಂದ ಮೇಲೆ, ತಾರೆ ಬೆಳೆದಷ್ಟೂ ಅದರ ಬೆಳಕು ಹೆಚ್ಚುವುದು. ಬೆಳಕು ಹೆಚ್ಚಿದಷ್ಟೂ ಒಳಬರುತ್ತಿರುವ ಆಹಾರವು ಹಿಂದಕ್ಕೆ ತಳ್ಳಲ್ಪಡುವುದು. ೧೯೭೧ರಲ್ಲಿ ಲಾರ್ಸನ್ ಮತ್ತು ಸ್ಟಾರ್‌ಫೀಲ್ಡ್, ೧೯೭೪ರಲ್ಲಿ ಕಾನ್ ಎಂಬ ವಿಜ್ಞಾನಿಗಳು ಇದನ್ನು ಗಣಿಸಿದರು. ಅನಿಲವು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಒಳಬರುತ್ತದೆಂದು ಇಟ್ಟುಕೊಂಡರೆ, ಸೂರ್ಯನ ಇಪ್ಪತ್ತರಿಂದ ನಲವತ್ತು ಪಟ್ಟಿನ ಆಸುಪಾಸಿನಲ್ಲಿ ಬೆಳವಣಿಗೆ ನಿಂತುಬಿಡಬೇಕೆಂದು ಇಂಥ ಲೆಕ್ಕಗಳು ಸೂಚಿಸಿದುವು. ಆಕಾಶದಲ್ಲಾದರೋ ನೂರು ಪಟ್ಟಿಗೂ ಮೀರಿದ ತಾರೆಗಳಿವೆ! ಈ ವೈರುಧ್ಯದಿಂದ ಪಾರಾಗಲು, ಸಣ್ಣ ತಾರೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಸೆದುಕೊಂಡು ಮಹಾತಾರೆಗಳಾಗುತ್ತಿರಬಹುದೆಂಬ ವಾದವನ್ನೂ ೧೯೯೮ರಲ್ಲಿ ಕೆಲವರು ಮುಂದಿಟ್ಟರು.

ಚಕ್ರ ಮತ್ತು ಹೊಗೆಗೂಡು

ಉತ್ತರವು ‘ಎಲ್ಲ ದಿಕ್ಕುಗಳಿಂದಲೂ ಸಮನಾಗಿ’ ಎಂಬ ಮಾತಿನಲ್ಲಿಯೇ ಅಡಗಿತ್ತು. ಆಕಾಶದ ಯಾವ ಮೇಘವೂ ಪೂರ್ಣ ನಿಶ್ಚಲವಲ್ಲ. ಎಷ್ಟೇ ಮಂದವಾಗಿಯಾದರೂ ತಿರುಗುತ್ತಿರುತ್ತದೆ. ಕುಸಿದು ಚಿಕ್ಕದಾದಂತೆ ಈ ತಿರುಗಾಟ ಚುರುಕಾಗುತ್ತದೆ. ಬಚ್ಚಲಿನ ತೂಬಿನ ಕಡೆ ಹರಿಯುವ ನೀರು ನೆಟ್ಟಗೆ ಬೀಳದೆ ಸುಳಿಯಾಗುವಂತೆ, ಅನಿಲವೂ ತಾರೆಯ ಮೇಲೆ ನೇರವಾಗಿ ಬೀಳಲಾರದೆ ಅದರ ಸುತ್ತ ತೆಳುವಾದ ಚಕ್ರವಾಗಿ ಹರಡಿಕೊಳ್ಳುತ್ತದೆ. ಆ ಚಕ್ರದ ಮೂಲಕ ಅದು ಸುತ್ತಿ ಸುತ್ತಿ ತಾರೆಯನ್ನು ಸೇರುತ್ತದೆ. ಇದೇ ಸಮಯದಲ್ಲಿ, ಚಕ್ರಕ್ಕೆ ಲಂಬವಾಗಿ, ಮೇಲಕ್ಕೂ ಕೆಳಕ್ಕೂ ಎರಡು ರಭಸದ ಅನಿಲಧಾರೆಗಳು ಹೊರಚಿಮ್ಮುತ್ತವೆ.

ಸೌದೆಯ ಒಲೆಯ ಮುಂದೆ ನಿಂತು ದುಡಿದವರಿಗೆ ಇದರ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಗೆಗೂಡಿಲ್ಲದ ಒಲೆಯಲ್ಲಿ ಹೊಗೆ ಮುಖಕ್ಕೇ ಬಡಿಯುತ್ತದೆ, ಸೌದೆ ತುರುಕುವುದೇ ಕಷ್ಟ. ಮೇಲಕ್ಕೆ ದಾರಿ ಕೊಟ್ಟರೆ ಹೊಗೆ ತಾನಾಗಿ ಹೊರಟುಹೋಗುತ್ತದೆ, ಮುಂಬದಿಯಿಂದ ಸೌದೆಯನ್ನು ನಿರಾತಂಕವಾಗಿ ಒಳನೂಕಬಹುದು. ಹಾಗೆಯೇ, ಹೊರಚಿಮ್ಮುವ ಅನಿಲಧಾರೆಗಳು ತಾರೆಯ ಎರಡು ಧ್ರುವಗಳ ಕಡೆಯೂ ಮೇಘವನ್ನು ಕೊರೆದು ಪೊಳ್ಳು ದಾರಿಗಳನ್ನು ಮಾಡುತ್ತವೆ. ಪ್ರಚಂಡವಾದ ಬೆಳಕು ಆ ದಾರಿಗಳಲ್ಲಿ ಸೋರಿಹೋಗುತ್ತದೆ. ನಡುವಿನ ಚಕ್ರದ ಮೇಲೆ ಅದರ ನೂಕು ತಗ್ಗುತ್ತದೆ. ಆಹಾರವು ನಿರ್ಬಾಧವಾಗಿ ಒಳಬರುತ್ತದೆ. ಹೀಗಾಗುವುದೆಂದು ಅಮೆರಿಕದ ಕ್ರುಮ್‌ಹೋಲ್ಜ್, ಮೆಕ್ಕಿ, ಕ್ಲೈನ್ ಎಂಬ ಮೂವರು ವಿಜ್ಞಾನಿಗಳು ೨೦೦೫ರಲ್ಲಿ ಲೆಕ್ಕ ಸಹಿತ ತೋರಿಸಿದರು. ೨೦೦೯ರಲ್ಲಿ ಕ್ರುಮ್‌ಹೋಲ್ಜ್ ಮತ್ತು ಸಂಗಡಿಗರು ಕಂಪ್ಯೂಟರಿನೊಳಗೆ ಮೇಘವೊಂದನ್ನು ಕುಸಿಯಬಿಟ್ಟಾಗ, ಬೆಳಕಿನ ಒತ್ತಡವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸೂರ್ಯನ ನಲವತ್ತು ಪಟ್ಟಿಗೆ ಮೀರಿದ ಒಂದು, ಮೂವತ್ತು ಪಟ್ಟಿಗೆ ಸಮೀಪದ ಇನ್ನೊಂದು, ಹೀಗೆ ಜೋಡಿತಾರೆಗಳೇ ರೂಪುಗೊಂಡುವು.

ತಿರುಗಾಟದ ಜಮಾ-ಖರ್ಚು

ಈ ಧಾರೆಗಳಿಂದ ಇನ್ನೂ ಒಂದು ಉಪಕಾರವಿದೆ. ಪ್ರಕೃತಿಯು ತಿರುಗಾಟದ ವಿಷಯದಲ್ಲಿ ಬಹು ಕಟ್ಟುನಿಟ್ಟಾದ ಗುಮಾಸ್ತೆ. ಒಂದು ವಸ್ತುವಿನ ತಿರುಗಾಟದ ಮೊತ್ತವನ್ನು, ಶಾಸ್ತ್ರದ ಮಾತಿನಲ್ಲಿ ಕೋನೀಯ ಸಂವೇಗವನ್ನು, ಖಾತೆಯಿಂದ ಹೊಡೆದುಹಾಕುವಂತಿಲ್ಲ. ಇನ್ನೊಂದು ಖಾತೆಗೆ ವರ್ಗಾಯಿಸಬಹುದು, ಅಷ್ಟೆ. ಚಕ್ರದ ಅನಿಲವು ತಾರೆಯನ್ನು ಸೇರಬೇಕಾದರೆ ತನ್ನ ತಿರುಗಾಟವನ್ನು ಯಾರಿಗಾದರೂ ಒಪ್ಪಿಸಿಯೇ ಬರಬೇಕು. ಇಲ್ಲದಿದ್ದರೆ, ಭೂಮಿಯು ಸೂರ್ಯನನ್ನು ಸುತ್ತುತ್ತಲೇ ಇರುವಂತೆ, ಅದೂ ತಾರೆಯನ್ನು ಸುತ್ತುತ್ತಲೇ ಇರುತ್ತದೆ.

ಆ ಲೆಕ್ಕದಲ್ಲಿ ಒಂದು ಭಾಗವನ್ನು ಪಡೆದುಕೊಳ್ಳುವವು ಈ ಅನಿಲಧಾರೆಗಳೇ. ಮೇಘದಲ್ಲಿದ್ದ ಕಾಂತಕ್ಷೇತ್ರದ ರೇಖೆಗಳು ಚಕ್ರದೊಡನೆ ತಿರುಗಿ ಹಗ್ಗದಂತೆ ಹುರಿಗೊಳ್ಳುತ್ತವೆ. ಅವು ಸ್ವಲ್ಪ ಅನಿಲವನ್ನು ಹಿಡಿದು ಕವಣೆಯಂತೆ ಹೊರಕ್ಕೆ ಬೀಸುತ್ತವೆ; ಬೀಸುವಾಗ ತಿರುಗಾಟವೂ ಅದರೊಡನೆ ಹೊರಟುಹೋಗುತ್ತದೆ. ಒಳಬಂದುದರ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಹೀಗೆ ಉಗುಳಲ್ಪಡುತ್ತದೆ. ಈ ಪಾಲನ್ನು ಬಿಟ್ಟುಕೊಟ್ಟುದರಿಂದಲೇ ಉಳಿದದ್ದು ತಾರೆಗೆ ದಕ್ಕುತ್ತದೆ. ಮೇಲುನೋಟಕ್ಕೆ ನಷ್ಟವಾಗಿ ಕಾಣುವ ಈ ಖರ್ಚು ವಾಸ್ತವವಾಗಿ ಗಳಿಕೆಯ ಬೆಲೆ.

ಮುಸುಕಿನ ಹಿಂದೆ ಕಂಡದ್ದು

ಇದೆಲ್ಲವನ್ನೂ ಕಣ್ಣಾರೆ ಕಂಡು ದೃಢಪಡಿಸುವುದು ಸುಲಭವಾಗಿರಲಿಲ್ಲ. ಮಹಾತಾರೆಗಳು ವಿರಳ, ದೂರ, ಅಲ್ಪಾಯುಷಿಗಳು. ಅವುಗಳ ಬಾಲ್ಯವೋ ದಟ್ಟವಾದ ಧೂಳಿನ ಮುಸುಕಿನೊಳಗೆ ಕಳೆಯುತ್ತದೆ. ಸಾಮಾನ್ಯ ಬೆಳಕು ಆ ಮುಸುಕನ್ನು ದಾಟಲಾರದು. ಕೆಂಪಿನಾಚೆಯ ಅವಕೆಂಪು ಕಿರಣಗಳೂ ರೇಡಿಯೋ ಅಲೆಗಳೂ ದಾಟಬಲ್ಲವು. ೧೯೬೬ರಲ್ಲಿ ಕ್ಯಾಲಿಫೋರ್ನಿಯದ ಬೆಕ್ಲಿನ್ ಮತ್ತು ನ್ಯೂಗೆಬಾವರ್ ಅವಕೆಂಪು ಕಿರಣಗಳಲ್ಲಿ ಓರಿಯನ್ ನೀಹಾರಿಕೆಯನ್ನು ಶೋಧಿಸಿದಾಗ, ಬರಿಯ ಬೆಳಕಿನಲ್ಲಿ ಏನೂ ಕಾಣದ ಜಾಗದಲ್ಲಿ ಪ್ರಖರವಾದ ಚುಕ್ಕೆಯೊಂದು ಕಂಡಿತು. ನೀಹಾರಿಕೆಯ ಹಿಂದಿನ ಮೇಘದಲ್ಲಿ ಹುದುಗಿದ್ದ ಎಳೆಯ ಮಹಾತಾರೆ ಅದು. ೧೯೭೬ರಲ್ಲಿ ಅದೇ ಪ್ರದೇಶದಿಂದ ಅನಿಲವು ಅತಿ ರಭಸದಿಂದ ಚಲಿಸುತ್ತಿರುವುದು ರೇಡಿಯೋ ವೀಕ್ಷಣೆಯಿಂದ ತಿಳಿಯಿತು.

ಆ ತಾರೆಯ ನೆರೆಯಲ್ಲಿಯೇ ಸೂರ್ಯನ ಸುಮಾರು ಹದಿನೈದು ಪಟ್ಟು ದ್ರವ್ಯವುಳ್ಳ ಇನ್ನೊಂದು ಎಳೆಯ ತಾರೆಯಿದೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಐದು ಸಾವಿರ ಮೀಟರ್ ಎತ್ತರದ ಅಟಕಾಮ ಮರುಭೂಮಿಯಲ್ಲಿ ನಿಲ್ಲಿಸಿರುವ ೬೬ ಆಂಟೆನಾಗಳ ‘ಆಲ್ಮಾ’ ರೇಡಿಯೋ ದೂರದರ್ಶಕವು ಅದರ ಚಕ್ರವನ್ನು ಸ್ಪಷ್ಟವಾಗಿ ತೋರಿಸಿದೆ. ೨೦೧೭ರಲ್ಲಿ ಜಪಾನಿನ ಹಿರೋಟ ಮತ್ತು ಸಂಗಡಿಗರು, ಅದರಿಂದ ಹೊರಚಿಮ್ಮುವ ಧಾರೆಯು ಚಕ್ರ ತಿರುಗುವ ದಿಕ್ಕಿನಲ್ಲಿಯೇ ತಿರುಗುತ್ತ ಹೋಗುತ್ತಿರುವುದನ್ನು ಕಂಡರು. ತಿರುಗಾಟದ ಲೆಕ್ಕ ಎಲ್ಲಿಗೆ ವರ್ಗವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ೨೦೧೯ರಲ್ಲಿ ಅದೇ ಚಕ್ರದ ಸುತ್ತ ಸೋಡಿಯಂ ಕ್ಲೋರೈಡ್ ಇರುವುದು ಪತ್ತೆಯಾಯಿತು. ನಾವು ದಿನವೂ ಸಾರಿಗೆ ಹಾಕುವ ಉಪ್ಪು ಇದೇ!

ತುತ್ತು ನುಂಗಿದ ತಾರೆ

ಮಹಾತಾರೆಯ ಊಟ ಒಂದೇ ಸಮನೆ ನಡೆಯುವುದೂ ಇಲ್ಲ. ನಮ್ಮಿಂದ ಸುಮಾರು ೫,೮೦೦ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ ಇಪ್ಪತ್ತು ಪಟ್ಟು ದ್ರವ್ಯವುಳ್ಳ ಎಳೆಯ ತಾರೆಯೊಂದಿದೆ. ೨೦೧೫ರಲ್ಲಿ ಅದರ ಸುತ್ತಲ ಮೆಥನಾಲ್ ಅಣುಗಳಿಂದ ಬರುವ ರೇಡಿಯೋ ಅಲೆಗಳು ಹಠಾತ್ತನೆ ಪ್ರಬಲವಾದುವು. ಅವಕೆಂಪು ಕಿರಣಗಳಲ್ಲಿ ನೋಡಿದಾಗ ತಾರೆಯ ಪ್ರಕಾಶವೇ ಐದು ಪಟ್ಟಿಗೂ ಮೀರಿ ಏರಿತ್ತು. ಚಕ್ರದಿಂದ ದೊಡ್ಡ ತುತ್ತೊಂದು ಒಮ್ಮೆಗೇ ತಾರೆಯ ಮೇಲೆ ಬಿದ್ದಿತ್ತು. ಆ ತುತ್ತಿನ ತೂಕ ಸುಮಾರು ಎರಡು ಗುರುಗ್ರಹಗಳಷ್ಟು, ಎಂದರೆ ಆರುನೂರಕ್ಕೂ ಹೆಚ್ಚು ಭೂಮಿಗಳಷ್ಟು! ಸುಮಾರು ಒಂದು ವರ್ಷದ ತರುವಾಯ, ೨೦೧೬ರ ಜುಲೈ ತಿಂಗಳ ಬಳಿಕ, ಅದೇ ತಾರೆಯ ಹೊರಧಾರೆ ರೇಡಿಯೋ ಅಲೆಗಳಲ್ಲಿ ಪ್ರಕಾಶಮಾನವಾಗತೊಡಗಿತು. ಉಂಡದ್ದೂ ಉಗುಳಿದ್ದೂ ಒಂದೇ ವ್ಯವಹಾರದ ಎರಡು ಪುಟಗಳೆಂಬುದು ಹೀಗೆ ನಮ್ಮ ಕಣ್ಣೆದುರಿಗೇ ಸಿದ್ಧವಾಯಿತು.

ಧನುರಾಶಿಯ ದಿಕ್ಕಿನಲ್ಲಿ, ಸುಮಾರು ಐದು ಸಾವಿರ ಜ್ಯೋತಿರ್ವರ್ಷಗಳಾಚೆ ಇನ್ನೊಂದು ಅದ್ಭುತವಿದೆ. ಎಳೆಯ ಮಹಾತಾರೆಯೊಂದರಿಂದ ಹೊರಟ ಧಾರೆ ಹತ್ತು ಜ್ಯೋತಿರ್ವರ್ಷಗಳಿಗೂ ಮಿಕ್ಕಿದ ಉದ್ದಕ್ಕೆ ಚಾಚಿಕೊಂಡಿದೆ. ಅದರಲ್ಲಿನ ಅನಿಲದ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರು. ಆ ಧಾರೆಯೊಳಗೆ ಕಾಂತಕ್ಷೇತ್ರವಿರುವುದನ್ನು ೨೦೧೦ರಲ್ಲಿ ಕರಾಸ್ಕೊ-ಗೊನ್ಸಾಲೆಸ್ ಮತ್ತು ಸಂಗಡಿಗರು ರೇಡಿಯೋ ಅಲೆಗಳ ಗುಣಲಕ್ಷಣಗಳಿಂದ ಸ್ಥಿರಪಡಿಸಿದರು. ೨೦೨೩ರಲ್ಲಿ ನಮ್ಮ ಆಕಾಶಗಂಗೆಯಿಂದಾಚೆಗೆ, ೧,೬೦,೦೦೦ ಜ್ಯೋತಿರ್ವರ್ಷ ದೂರದ ದೊಡ್ಡ ಮೆಗೆಲನ್ ಮೇಘವೆಂಬ ನೆರೆಯ ನಕ್ಷತ್ರಲೋಕದಲ್ಲಿಯೂ ಎಳೆಯ ಮಹಾತಾರೆಯ ಸುತ್ತ ತಿರುಗುವ ಚಕ್ರ ಕಂಡುಬಂದಿತು. ಪರಲೋಕದಲ್ಲಿಯೂ ಪದ್ಧತಿ ಇದೇ.

ನಮ್ಮ ನಗರಗಳ ಪಾಲು

ಈ ಶೋಧದಲ್ಲಿ ನಾವು ಬಾಳಿ ದುಡಿಯುತ್ತಿರುವ ನಗರಗಳಿಗೂ ಪಾಲುಂಟೆಂಬುದು ಸಂತೋಷದ ಸಂಗತಿ. ಮುಂಬಯಿಯ ಕೊಲಾಬದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಹೈದರಾಬಾದಿನಿಂದ ಬಲೂನಿನಲ್ಲಿ ಗಗನಕ್ಕೇರಿಸಿ, ಮಹಾತಾರೆಗಳು ಹುಟ್ಟುವ ಮೇಘಗಳ ಶಾಖವನ್ನು ಅಳೆದಿದ್ದಾರೆ. ದೂರದ ಅವಕೆಂಪು ಕಿರಣಗಳನ್ನು ನಮ್ಮ ವಾಯುಮಂಡಲದ ನೀರಾವಿ ನುಂಗಿಹಾಕುವುದರಿಂದ ಅಷ್ಟು ಎತ್ತರಕ್ಕೆ ಏರುವುದು ಅಗತ್ಯವಾಯಿತು.

ಪುಣೆಯಿಂದ ಉತ್ತರಕ್ಕೆ ಸುಮಾರು ಎಂಬತ್ತು ಕಿಲೋಮೀಟರು ದೂರದಲ್ಲಿ, ನಾರಾಯಣಗಾವಿನ ಬಳಿಯ ಖೋಡದ್ ಎಂಬಲ್ಲಿ, ಗೋವಿಂದ ಸ್ವರೂಪರ ನೇತೃತ್ವದಲ್ಲಿ ನಿರ್ಮಾಣವಾದ ಬೃಹತ್ ರೇಡಿಯೋ ದೂರದರ್ಶಕವಿದೆ. ೪೫ ಮೀಟರ್ ಅಗಲದ ಮೂವತ್ತು ಆಂಟೆನಾಗಳು ಸುಮಾರು ೨೫ ಕಿಲೋಮೀಟರು ಪ್ರದೇಶದಲ್ಲಿ ಹರಡಿಕೊಂಡು ಒಂದೇ ಕಣ್ಣಿನಂತೆ ನೋಡುತ್ತವೆ. ಧನುರಾಶಿಯ ದಿಕ್ಕಿನ ಆ ನೀಳವಾದ ಧಾರೆಯನ್ನು ತಿರುವನಂತಪುರದ ಸರಿತಾ ವಿಗ್ ಮತ್ತು ಸಂಗಡಿಗರು ಇದರ ಮೂಲಕವೇ ವೀಕ್ಷಿಸಿ, ಕಾಂತಕ್ಷೇತ್ರದಲ್ಲಿ ಅತಿವೇಗದಿಂದ ಚಲಿಸುವ ಕಣಗಳು ಹೊರಡಿಸುವ ರೇಡಿಯೋ ಅಲೆಗಳನ್ನು ಗುರುತಿಸಿದರು. ಆ ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು.

ಉಳಿದಿರುವ ವಾದ

ಚಕ್ರ ಮತ್ತು ಧಾರೆಗಳ ವಿಷಯದಲ್ಲಿ ಇಂದು ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ವಾದವಿರುವುದು ಬಂಡವಾಳ ಎಲ್ಲಿಂದ ಬಂತೆಂಬುದರ ಮೇಲೆ. ಮಹಾತಾರೆಗೆ ಬೇಕಾದ ಅನಿಲವೆಲ್ಲ ಮೊದಲೇ ಒಂದು ದಟ್ಟವಾದ ಗಡ್ಡೆಯಾಗಿ ಕೂಡಿರುತ್ತದೆಂದು ಒಂದು ಪಕ್ಷದವರು ಹೇಳುತ್ತಾರೆ. ಹಾಗಲ್ಲ, ಗುಂಪಿನ ನಡುವೆ ಕುಳಿತ ತಾರೆಯು ಉಳಿದವುಗಳೊಡನೆ ಪೈಪೋಟಿ ನಡೆಸಿ, ದೂರದೂರದಿಂದ ಎಳೆಎಳೆಯಾಗಿ ಹರಿದುಬರುವ ಅನಿಲವನ್ನು ಕ್ರಮೇಣ ಕೂಡಿಸುತ್ತದೆಂದು ಇನ್ನೊಂದು ಪಕ್ಷದವರ ಮತ. ಪೈಪೋಟಿ ಕಲಹಕ್ಕೆ ತಿರುಗುವುದೂ ಉಂಟು. ಓರಿಯನ್ ಮೇಘದ ಆ ಎರಡು ಎಳೆಯ ತಾರೆಗಳು ಇಂದು ಒಂದರಿಂದೊಂದು ವೇಗವಾಗಿ ದೂರ ಸರಿಯುತ್ತಿವೆ. ಅವುಗಳ ದಾರಿಯನ್ನು ಹಿಂದಕ್ಕೆ ಎಳೆದು ನೋಡಿದರೆ ಸುಮಾರು ಐನೂರು ವರ್ಷಗಳ ಕೆಳಗೆ ಎರಡೂ ಒಂದೇ ಜಾಗದಲ್ಲಿದ್ದುವು. ಅಂದು ನಡೆದ ತಿಕ್ಕಾಟದಲ್ಲಿ ಸಿಡಿದ ಅನಿಲದ ಎಳೆಗಳು ಇಂದಿಗೂ ಎಲ್ಲ ದಿಕ್ಕುಗಳಿಗೂ ಹಾರುತ್ತಿರುವುದನ್ನು ‘ಆಲ್ಮಾ’ ತೆಗೆದ ಚಿತ್ರಗಳಲ್ಲಿ ಕಾಣಬಹುದು.

ಕತ್ತಿಯ ನಡುವಣ ಮಸುಕು ಚುಕ್ಕೆಯಿಂದ ಕಣ್ಣನ್ನು ಮೇಲೆತ್ತಿ ಕೆಂಪು ಆರ್ದ್ರೆಯನ್ನು ನೋಡಿದರೆ ಇದೇ ಕಥೆಯ ಕೊನೆಯ ಅಧ್ಯಾಯ ಕಾಣುತ್ತದೆ. ಒಂದು ಕೋಟಿ ವರ್ಷದಷ್ಟು ಹಿಂದೆ ಅದೂ ಇಂಥದೊಂದು ಮೇಘದಲ್ಲಿ ಹುಟ್ಟಿದ ಮಹಾತಾರೆ. ಈಗ ಅದು ಮುಪ್ಪಿನಿಂದ ಉಬ್ಬಿದೆ. ಇನ್ನು ಸುಮಾರು ಒಂದು ಲಕ್ಷ ವರ್ಷಗಳೊಳಗೆ ಸ್ಫೋಟಗೊಳ್ಳುವುದೆಂದು ಅಂದಾಜು. ಆಗ ಅದು ಕೂಡಿಹಾಕಿದ ದ್ರವ್ಯದ ಬಹುಭಾಗ ಆಮ್ಲಜನಕವೇ ಮೊದಲಾದ ಹೊಸ ವಸ್ತುಗಳೊಡನೆ ಆಕಾಶಕ್ಕೆ ಮರಳುವುದು. ಅದರಿಂದ ಮತ್ತೆ ಮೇಘಗಳಾಗಿ, ಆ ಮೇಘಗಳಲ್ಲಿ ಮತ್ತೆ ಚಕ್ರಗಳು ತಿರುಗತೊಡಗುವುವು.